ಕೆರೆ ಏರಿಗೆ ಒಂದು ಟಿಕೆಟ್

ನಮ್ಮಜ್ಜಿ ಕದಿರಮ್ಮ ಎಷ್ಟೋ ರಾಜಕುಮಾರರನ್ನು ಏಳು ಸಮುದ್ರ ದಾಟಿಸಿದವಳು. ಚಿಕ್ಕಂದಿನಲ್ಲಿ ನಾನು ಅವಳ ಮಡಿಲಲ್ಲಿ ತಲೆಯಿಟ್ಟರೆ ಸಾಕು, ಉಂಡ ಮುದ್ದೆ ಹೊಟ್ಟೆಯಲ್ಲಿ ಕರಗುವುದರೊಳಗೆ ಒಬ್ಬ ರಾಜಕುಮಾರ ಕುದುರೆಯೇರಿ, ಬೆಂಕಿಯ ಕಾಡು ದಾಟಿ, ರಾಕ್ಷಸನನ್ನು ಮುಗಿಸಿ, ರಾಜಕುಮಾರಿಯನ್ನು ಹಿಂದೆ ಕೂರಿಸಿಕೊಂಡು ವಾಪಸ್ ಬಂದಿರುತ್ತಿದ್ದ. ಅಂಥ ಅಜ್ಜಿಗೆ ಹೋದ ವರ್ಷದ ಬಹುಪಾಲು ನಮ್ಮ ಬೀದಿಯ ಕೊನೆಯ ಮನೆಯೊಂದನ್ನು ದಾಟಲು ಆಗಲಿಲ್ಲ.

ಸಮೇತನಹಳ್ಳಿಗೆ ಹೋಗುವ ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು ಸಿಗುತ್ತದೆ. ಇರುವುದೇ ಒಂದು ಉದ್ದನೆಯ ಬೀದಿ. ಈ ತುದಿಯಲ್ಲಿ ನಮ್ಮ ಮನೆ, ಆ ತುದಿಯಲ್ಲಿ ಅಪ್ಪಯ್ಯಣ್ಣ ತಾತನ ಮನೆ, ಅದರಾಚೆ ಕೆರೆ ಏರಿ. ಮೊದಲು ಹಿತ್ತಲ ಕಡೆಯಿಂದಲೂ ಕೆರೆಗೆ ಒಂದು ಕಾಲುದಾರಿ ಇತ್ತು. ಲೇಔಟಿನವರು ಅದಕ್ಕೆ ಅಡ್ಡ ಕಾಂಪೌಂಡ್ ಎಬ್ಬಿಸಿ, ನಮ್ಮೂರಿನಲ್ಲಿ ಯಾರೂ ನೋಡದ ಒಂದು ಹೂವಿನ ಹೆಸರು ಬರೆಸಿದ್ದಾರೆ. ಆದ್ದರಿಂದ ಕೆರೆ ಏರಿಗೆ ಹೋಗಬೇಕಾದವರು ತಾತನ ಜಗಲಿಯ ಮುಂದೆಯೇ ಹೋಗಬೇಕು.

ತಾತ ದುಡಿದ ಕಾಲವೆಲ್ಲ ಬಸ್ ಕಂಡಕ್ಟರ್ ಆಗಿದ್ದವನು. ರಿಟೈರ್ ಆದ ದಿನ ಟಿಕೆಟ್ ಮಷೀನು ವಾಪಸ್ ಕೊಟ್ಟ, ಚರ್ಮದ ಬ್ಯಾಗು ವಾಪಸ್ ಕೊಟ್ಟ, ನಾಲಿಗೆಯನ್ನು ಮಾತ್ರ ವಾಪಸ್ ಕೊಡಲಾಗಲಿಲ್ಲ. ಅದನ್ನು ಮನೆಗೇ ತಂದುಬಿಟ್ಟ. ಬೆಳಗ್ಗೆ ಕಾಫಿ ಕುಡಿದು ಜಗಲಿ ಮೇಲೆ ಕೂತನೆಂದರೆ ಮುಂದೆ ಹಾದುಹೋಗುವ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ: "ಎಲ್ಲಿಗೆ?"

ಹುಡುಗರು "ಮೆಜೆಸ್ಟಿಕ್ ಎರಡು ಕೊಡು ಗುರು" ಎಂದು ನಕ್ಕು ಮುಂದೆ ಹೋಗುತ್ತಿದ್ದರು. ತಾತ ನಮ್ಮ ಎಮ್ಮೆಯನ್ನೂ ಹಾಗೆ ಕೇಳಿದ್ದನ್ನು ನಾನೇ ನೋಡಿದ್ದೇನೆ. ಅದು ತಿರುಗಿಯೂ ನೋಡದೆ ಹೋದಾಗ "ಓಹೋ, ಪಾಸು" ಎಂದು ಸಮಾಧಾನ ಮಾಡಿಕೊಂಡ.

ಇದರಲ್ಲಿ ಯಾರಿಗೂ ತೊಂದರೆ ಇರಲಿಲ್ಲ, ಅಜ್ಜಿಯನ್ನು ಬಿಟ್ಟು. ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು ಎನ್ನುವುದು ಅವಳ ಪಾಲಿಗೆ ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಎನ್ನುವಷ್ಟೇ ಖಚಿತ. ತಡೆಯಲಾಗದಿದ್ದರೆ "ದೂರ ಹೊರಟಂಗೈತೆ?" ಎನ್ನಬೇಕು. ಬಾಯಿ ತಪ್ಪಿ "ಎಲ್ಲಿಗೆ" ಎಂದರೋ, ಹೊರಟ ಕೆಲಸ ಅಲ್ಲಿಗೇ ಕೆಟ್ಟಿತು. ಹಾಗೆ ಕೇಳಿಸಿಕೊಂಡವರು ಮನೆಗೆ ವಾಪಸ್ ಬಂದು, ಕಾಲು ತೊಳೆದು, ಒಂದು ಗುಟುಕು ನೀರು ಕುಡಿದು, ಒಂದು ಗಳಿಗೆ ಕೂತು, ಆಮೇಲೆ ಹೊಸದಾಗಿ ಹೊರಡಬೇಕು. ಅಜ್ಜಿಯ ಕಥೆಗಳ ರಾಜಕುಮಾರರೆಲ್ಲ ಇದನ್ನು ಪಾಲಿಸಿಯೇ ಗೆದ್ದದ್ದು. ಪಾಲಿಸದ ಒಬ್ಬ ಈಗಲೂ ಎಲ್ಲೋ ಕಲ್ಲಾಗಿ ನಿಂತಿದ್ದಾನೆ.

ಮೊದಲೆಲ್ಲ ಅಜ್ಜಿ ಬೀದಿಯ ಆ ತುದಿಗೆ ಹೋಗುತ್ತಲೇ ಇರಲಿಲ್ಲ, ಹಾಗಾಗಿ ಜಗಳವಿರಲಿಲ್ಲ. ಎಲ್ಲ ಕೆಟ್ಟದ್ದು ಹೋದ ವರ್ಷದ ಯುಗಾದಿಯಿಂದ.

ಆ ಯುಗಾದಿಗೆ ಅಜ್ಜಿ ಒಬ್ಬಟ್ಟು ತಿಂದಳು. ಎಷ್ಟು ತಿಂದೆ ಎಂದು ಅವಳು ಹೇಳಲಿಲ್ಲ, ಖಾಲಿಯಾದ ಡಬರಿ ಹೇಳಿತು. ಮಾರನೆಯ ದಿನ ಹೊಸತೊಡಕು. ಎಲ್ಲರೂ ಮಟನ್ ಸಾರಿನ ಮುಂದೆ ಕೂತಿದ್ದಾಗ ಅವಳು ಗೋಡೆಗೆ ಒರಗಿ, ನನ್ನ ಕೈ ಹಿಡಿದು, "ಯಶಾ, ಮನೆ ತಿರುಗ್ತಾ ಐತಲ್ಲೇ. ಯಾರೇ ಅದು ತಿರುಗಿಸ್ತಾ ಇರೋದು?" ಎಂದಳು.

ನಾನು, ಅಮ್ಮ ಇಬ್ಬರೂ ಸೇರಿ ಅವಳನ್ನು ಹೊಸಕೋಟೆಗೆ ಕರೆದುಕೊಂಡು ಹೋದೆವು. ಡಾಕ್ಟರ್ ನೌರೀನ್ ರಕ್ತದ ರಿಪೋರ್ಟನ್ನು ಒಮ್ಮೆ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಅಜ್ಜಿ, ಇವತ್ತಿಂದ ಸಿಹಿ ಬಂದ್."

"ಬಂದ್ ಅಂದ್ರೆ ಸಾಯಂಕಾಲ ತೆಗೀತಾರಾ ತಾಯಿ?"

"ತೆಗೆಯಲ್ಲ. ಮಾತ್ರೆ ಬರೆದಿದೀನಿ. ಅದರ ಜೊತೆ ದಿನಾ ನಡೀಬೇಕು. ಮಳೆ, ಚಳಿ, ಬಿಸಿಲು ಏನೇ ಇರಲಿ, ವರ್ಷಪೂರ್ತಿ. ಊರಲ್ಲಿ ನಡೆಯೋಕೆ ಜಾಗ ಇದೆಯಾ?"

"ಕೆರೆ ಏರಿ ಇದೆ" ಎಂದೆ ನಾನು.

"ಸರಿ, ಕೆರೆ ಏರಿ ತನಕ."

"ಸೋಮ್ವಾರ ರಜಾ?" ಎಂದಳು ಅಜ್ಜಿ.

"ಇಲ್ಲ."

"ಅಮಾಸೆ ದಿನ ಯಾರೂ ಹೊರಗಡೆ ಹೊರಡಲ್ಲ ಡಾಕ್ಟರಮ್ಮ."

"ಅಜ್ಜಿ, ಶುಗರ್‌ಗೆ ಅಮಾವಾಸ್ಯೆ ಇಲ್ಲ. ನಿಮ್ಮ ಹಬ್ಬಕ್ಕೂ ಅದು ರಜಾ ಹಾಕಲ್ಲ, ನಮ್ಮ ಹಬ್ಬಕ್ಕೂ ಹಾಕಲ್ಲ."

ಅಜ್ಜಿ ಸೆರಗಿನ ತುದಿ ಹಿಡಿದು ಕೂತಳು. "ಹಂಗಾರೆ ಮುಂದಿನ ಯುಗಾದಿಗೆ ನಂಗೆ ಒಬ್ಬಟ್ಟಿಲ್ಲ."

ಅವಳು ಅದನ್ನು ಹೇಳಿದ ರೀತಿಗೆ ಡಾಕ್ಟರ್ ಪೆನ್ನು ಕೆಳಗಿಟ್ಟರು. "ವರ್ಷಪೂರ್ತಿ ನಡೆದು ಶುಗರ್ ಕಂಟ್ರೋಲಿಗೆ ತನ್ನಿ. ಯುಗಾದಿ ಹಿಂದಿನ ದಿನ ಟೆಸ್ಟ್ ಮಾಡ್ತೀನಿ. ಚೆನ್ನಾಗಿದ್ರೆ ಒಂದು ಒಬ್ಬಟ್ಟು. ಒಂದೇ ಒಂದು."

"ತುಪ್ಪ?"

"ಒಂದು ಚಮಚ."

"ಯಾವ ಚಮಚ?"

ಡಾಕ್ಟರ್ ನನ್ನ ಮುಖ ನೋಡಿದರು. ನಾನು ಗೋಡೆ ಮೇಲಿನ ಕಿಡ್ನಿಯ ಚಿತ್ರ ನೋಡಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಜ್ಜಿ ದಾರಿಯುದ್ದಕ್ಕೂ ಅಂಗೈ ಅಗಲಿಸಿ ಅಗಲಿಸಿ ನೋಡಿಕೊಂಡಳು. ನಮ್ಮ ಸ್ಟಾಪು ಬರುವಾಗ ಮೆಲ್ಲಗೆ ಕೇಳಿದಳು: "ಒಬ್ಬಟ್ಟು ಎಷ್ಟು ಅಗಲ ಇರ್ಬೇಕು ಅಂತ ಆಯಮ್ಮ ಹೇಳ್ಲಿಲ್ಲ, ಅಲ್ವೇನೇ?"

ಮೊದಲ ದಿನ ನಾನು ಅವಳಿಗೆ ಬಿಳಿ ಕ್ಯಾನ್ವಾಸ್ ಶೂ ತಂದುಕೊಟ್ಟೆ. ಹೊಸದು ಮಣ್ಣಾಗುತ್ತದೆಂದು ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಹೊರಟಳು. ಬೆಳಗಿನ ತಂಪು, ಹೊಂಗೆ ಹೂವಿನ ವಾಸನೆ. ನಾನು ಮನಸ್ಸಿನಲ್ಲೇ ಅವಳಿಗೆ ಒಂದು ಕುದುರೆ, ಒಂದು ಕಿರೀಟ ಕೊಟ್ಟು ಹಿಂದೆ ಹಿಂದೆ ನಡೆಯುತ್ತಿದ್ದೆ. ಬೀದಿ ಮುಗಿಯುತ್ತಾ ಬಂತು. ಏರಿ ಕಾಣಿಸಿತು. ಅದರ ಮೇಲಿನ ಹುಣಸೆಮರ ಕಾಣಿಸಿತು.

"ಎಲ್ಲಿಗೆ?"

ಅಜ್ಜಿ ಕಾಲು ಎತ್ತಿದ್ದವಳು ಹಾಗೆಯೇ ನಿಂತಳು.

"ಕೇಳ್ಬಿಟ್ಯಲ್ಲೋ ಅಪ್ಪಯ್ಯಣ್ಣ!"

"ಏನ್ ಕೇಳ್ದೆ ಕದಿರಕ್ಕ? ಎಲ್ಲಿಗೆ ಅಂದೆ ಅಷ್ಟೇ. ಅದೇನು, ಆ ಶೂ ಕೈಗ್ ಹಾಕ್ಕೊಳೋದಾ?"

"ನಿನ್ ಬಾಯಿಗ್ ಮಣ್ಣಾಕ! ಒಳ್ಳೆ ಕೆಲ್ಸಕ್ಕೆ ಹೊರಟಿದ್ದೆ. ನಡಿಯೇ ಯಶಾ ಮನೆಗೆ."

ಇಡೀ ಬೀದಿ ವಾಪಸ್ ಬಂದೆವು. ಕಾಲು ತೊಳೆದಳು, ನೀರು ಕುಡಿದಳು, ಕೂತಳು, ಎದ್ದಳು. ಮತ್ತೆ ಇಡೀ ಬೀದಿ ಹೋದೆವು.

"ಎಲ್ಲಿಗೆ?"

"ಈಗ್ ತಾನೆ ಕೇಳಿದ್ಯಲ್ಲೋ!"

"ಅದು ಹೋದ ಟ್ರಿಪ್ಪು" ಎಂದ ತಾತ, ನಿಜವಾಗಿಯೂ ಬೇಜಾರಾದವನಂತೆ. "ಟ್ರಿಪ್ಪಿಗೊಂದು ಟಿಕೆಟ್ ಹೊಸ್ದಾಗಿ ಹರೀಬೇಕಲ್ವಾ? ಬೇಕೂಂತ ಕೇಳ್ತೀನಾ ಅಕ್ಕ, ಬಾಯಿ ತಾನಾಗೇ ಅಂದ್ಬಿಡ್ತದೆ."

ತಾತನನ್ನು ಅವನ ಸೊಸೆ ಸ್ನಾನಕ್ಕೆ ಕರೆಯುವ ತನಕ ಹೀಗೆಯೇ ನಡೆಯಿತು. ಅವನು ಒಳಗೆ ಹೋದಾಗ ದಾರಿ ಖಾಲಿಯಾಯಿತು ನಿಜ, ಆದರೆ ಅಷ್ಟರಲ್ಲಿ ಬಿಸಿಲೇರಿ, ಅಜ್ಜಿಗೆ ಹಸಿವಾಗಿ, ಅವಳು ನಮ್ಮ ಜಗಲಿಯ ಮೇಲೆ ಕಾಲು ನೀವಿಕೊಳ್ಳುತ್ತಾ ಕೂತಿದ್ದಳು. "ನಾಳೆ ನೋಡಾಣ" ಎಂದಳು.

ನಾಳೆಯೂ ಅದೇ. ಸಂಜೆ ಹೋದರೆ ಸಂಜೆಯೂ ಅದೇ. ತಾತ ಸಂಜೆ ಪಾಳಿಯನ್ನೂ ಬಿಟ್ಟಿರಲಿಲ್ಲ.

ಬೇಸಿಗೆಯಲ್ಲಿ ಅಜ್ಜಿ ತಲೆ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ನಡೆದಳು, ಟವೆಲ್ ಒಣಗುವುದರೊಳಗೆ ವಾಪಸ್ ಬಂದಳು. ಮಳೆಗಾಲದಲ್ಲಿ ನನಗೆ ಒಂದು ಉಪಾಯ ಹೊಳೆಯಿತು. ಗೊಬ್ಬರದ ಚೀಲವನ್ನು ಮಡಚಿ ಕೊಪ್ಪೆ ಮಾಡಿ ಅವಳ ತಲೆಯಿಂದ ಮಂಡಿಯ ತನಕ ಇಳಿಬಿಟ್ಟೆ. ದೇವರು ಬಂದು ನೋಡಿದರೂ ಒಳಗೆ ಕದಿರಮ್ಮ ಇದ್ದಾಳೆಂದು ಗೊತ್ತಾಗುತ್ತಿರಲಿಲ್ಲ. ನಾವು ಸದ್ದಿಲ್ಲದೆ ಜಗಲಿಯ ಮುಂದೆ ಹೋದೆವು. ತಾತ ಮಳೆಯೊಳಗಿಂದ ಕಣ್ಣು ಕಿರಿದು ಮಾಡಿ ನೋಡಿದ.

"ಎಲ್ಲಿಗಪ್ಪಾ, ಗೊಬ್ಬರ?"

ಗೊಬ್ಬರ ಬೈದುಕೊಂಡು ವಾಪಸ್ ತಿರುಗಿತು.

ಅಂದು ನಾನು ಅಳುವುದೊಂದು ಬಾಕಿ. "ಅಜ್ಜಿ, ಹಿಂಗಾದ್ರೆ ಒಬ್ಬಟ್ಟು ಹೋಯ್ತು ಅಂದ್ಕೋ" ಎಂದೆ. ಅವಳು ಒದ್ದೆ ಕಾಲನ್ನು ಒಲೆಯ ಕಡೆ ಚಾಚಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಶುರು ಮಾಡಿದಳು. ಅವಳಿಗೆ ಕಷ್ಟ ಬಂದಾಗಲೂ ಕಥೆ ಕೇಳಬೇಕಾದವಳು ನಾನೇ.

"ಒಬ್ಬ ರಾಜ ಇದ್ದ. ದಿನಾ ಬೆಳಗೆದ್ದು ಯುದ್ಧಕ್ಕೆ ಹೊರಡೋನು. ಕೋಟೆ ಬಾಗಿಲಲ್ಲಿ ಒಬ್ಳು ಮುದುಕಿ 'ಎಲ್ಲಿಗ್ ಸ್ವಾಮಿ?' ಅನ್ನೋಳು. ರಾಜ ವಾಪಸ್ ಬಂದು ನೀರು ಕುಡ್ದು ಮತ್ತೆ ಹೊರಡೋನು. ಮುದುಕಿ ಮತ್ತೆ ಕೇಳೋಳು. ಹಿಂಗೇ ವರ್ಷಗಳು ಹೋದ್ವು. ಗಡಿಯಾಗೆ ಕಾಯ್ತಿದ್ದ ಶತ್ರು ಸೈನ್ಯಕ್ಕೆ ಬೇಜಾರಾಗಿ, ಸುಮ್ನೆ ಯಾಕ್ ಕೂರಾಣ ಅಂತ ಅಲ್ಲೇ ರಾಗಿ ಬಿತ್ತಿದ್ರಂತೆ."

"ಆಮೇಲೆ ಯುದ್ಧ?"

"ಯಾರಿಗಿತ್ತೇ ಪುರುಸೊತ್ತು? ಕಳೆ ಕೀಳೋದ್ ಬೇಡ್ವಾ?"

"ರಾಜಂಗೆ ಏನಾಯ್ತು?"

"ಏನಾಗ್ತದೆ? ಹೋಗಿ ಬಂದು, ಹೋಗಿ ಬಂದು ಕಾಲು ಕಬ್ಬಿಣ ಆಗೋಯ್ತು. ನೂರ್ ವರ್ಷ ಬದುಕಿದ್ನಂತೆ."

ನಾನು ಕಥೆಯ ರಾಗಿಹೊಲವನ್ನು ಕಣ್ಣಲ್ಲಿ ತುಂಬಿಕೊಂಡು ಕೂತೆ. ಕಾಲಿನ ವಿಷಯ ಕಿವಿಗೆ ಬಿದ್ದರೂ ತಲೆಗೆ ಇಳಿಯಲಿಲ್ಲ.

ರಾಗಿ ಕೊಯ್ಲಾಯಿತು. ಎಲ್ಲರೂ ತೆನೆಯನ್ನು ಬೀದಿಗೆ ಹರಡಿದರು, ಗಾಡಿಗಳು ತುಳಿದು ಕಾಳು ಬಿಡಿಸಲೆಂದು. ಗಾಡಿಗಳು ಬರದ ಹೊತ್ತಿನಲ್ಲಿ ಅಜ್ಜಿ ಬರುತ್ತಿದ್ದಳು. "ಅಜ್ಜಿ, ಈ ಪಕ್ಕಕ್ಕೆ ಬಾ, ಇಲ್ಲಿನ್ನೂ ಕಾಳು ಬಿಟ್ಟಿಲ್ಲ" ಎಂದು ಹೆಂಗಸರು ಕೂಗುತ್ತಿದ್ದರು. "ಅಪ್ಪಯ್ಯಣ್ಣ ಕೇಳಿದ್ನಾ? ಒಳ್ಳೇದಾಯ್ತು, ವಾಪಸ್ ಬರ್ತಾ ನಮ್ದನ್ನೂ ತುಳ್ಕೊಂಡ್ ಹೋಗು." ಹೀಗೆ ಬೀದಿಯ ಅರ್ಧ ರಾಗಿ ನಮ್ಮಜ್ಜಿಯ ಕಾಲಲ್ಲೇ ಬಿಡಿಸಿಕೊಂಡಿತು. ಆದರೆ ಅವಳು ಏರಿ ಮಾತ್ರ ಮುಟ್ಟಲಿಲ್ಲ.

ಆ ಸಮಯಕ್ಕೆ ಮತ್ತೆ ಡಾಕ್ಟರ ಬಳಿ ಹೋದೆವು. ರಿಪೋರ್ಟ್ ಚೆನ್ನಾಗಿತ್ತು.

"ಭೇಷ್! ದಿನಾ ಕೆರೆ ಏರಿ ತನಕ ಹೋಗ್ತಿದೀರಾ?"

ಅಜ್ಜಿ ಕಥೆ ಕಟ್ಟುತ್ತಾಳೆಯೇ ಹೊರತು ಸುಳ್ಳು ಹೇಳುವುದಿಲ್ಲ. "ಇಲ್ಲ ತಾಯಿ, ಇನ್ನೂ ತಲುಪಿಲ್ಲ."

"ಯುಗಾದಿಯಿಂದ ಇಲ್ಲೀ ತನಕ ತಲುಪಿಲ್ವಾ?"

"ಹೊರಟಿದೀನಿ, ದಾರೀಲಿದೀನಿ."

ಡಾಕ್ಟರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಗಂಭೀರವಾಗಿ ನನಗೆ ಹೇಳಿದರು: "ಹಂಗಾದ್ರೆ ಇದು ಬರೀ ಮಾತ್ರೆಯಿಂದ ಬಂದಿರೋದು ಕಣಮ್ಮ, ನಿಲ್ಲಲ್ಲ. ಏರಿ ತನಕ ನಡೆಸು."

ನನಗೆ ನಾಚಿಕೆಯಾಯಿತು. ಅಲ್ಲಿಂದ ಹೊರಬಂದವಳೇ ಆಟದ ಸಾಮಾನಿನ ಅಂಗಡಿಗೆ ನುಗ್ಗಿ ಒಂದು ವಿಷಲ್ ಕೊಂಡೆ. ಸಂಜೆ ಅದನ್ನು ತಾತನ ಕೈಯಲ್ಲಿಟ್ಟೆ.

"ತಾತ, ಕಂಡಕ್ಟರ್ ಅಂದ್ಮೇಲೆ ವಿಷಲ್ ಇಲ್ದೆ ಹೆಂಗೆ? ಬಾಯಲ್ಲಿಟ್ಕೋ. ನಮ್ಮಜ್ಜಿ ಬಂದ್ರೆ ಎರಡು ಸಲ ಊದು."

ತಾತ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಒಂದು ಊದಿದ್ರೆ ಸ್ಟಾಪು, ಎರಡು ಊದಿದ್ರೆ ರೈಟು" ಎಂದು ಮಂತ್ರದಂತೆ ಹೇಳಿ, ಬಾಯಿಗಿಟ್ಟುಕೊಂಡ. ವಿಷಲ್ ಕಚ್ಚಿಕೊಂಡ ಬಾಯಿಗೆ "ಎಲ್ಲಿಗೆ" ಅನ್ನಲು ಜಾಗವಿರಲಿಲ್ಲ.

ಮಾರನೆಯ ಬೆಳಗ್ಗೆ ಅಜ್ಜಿ ಮಂಕಿ ಟೋಪಿ ಹಾಕಿಕೊಂಡು ಜಗಲಿಯ ಹತ್ತಿರ ಬಂದಳು. ಅಭ್ಯಾಸಬಲದಿಂದ ಅರ್ಧ ವಾಪಸ್ ತಿರುಗಿಯೂ ಬಿಟ್ಟಿದ್ದಳು. ಪೀ! ಪೀ! ತಾತ ಕೈ ಬೀಸಿದ. ಅಜ್ಜಿ ಮಂಜಿನೊಳಗೆ ಏರಿ ಹತ್ತಿ ಮಾಯವಾದಳು. ನಾನು ಅಲ್ಲೇ ನಿಂತು ಚಪ್ಪಾಳೆ ತಟ್ಟಿದೆ. ಏಳನೆಯ ಸಮುದ್ರ ದಾಟಿದಂತಾಯಿತು. ಇನ್ನು ನನ್ನ ಕಾವಲು ಬೇಕಿಲ್ಲವೆಂದು ಮಾರನೆಯ ದಿನದಿಂದ ಕಾಲೇಜಿನ ಬಸ್ಸು ಬರುವ ತನಕ ಮಲಗಲು ಶುರುಮಾಡಿದೆ.

ಸಂಕ್ರಾಂತಿ ಮುಗಿದ ಮೇಲೆ ರಿಪೋರ್ಟ್ ನೋಡಿದ ಡಾಕ್ಟರ್ ನಗಲಿಲ್ಲ.

"ಏನಾಯ್ತು ಅಜ್ಜಿ? ಮತ್ತೆ ಮೇಲಕ್ಕೆ ಹೋಗಿದೆ. ಹಿಂಗಿದ್ರೆ ಒಬ್ಬಟ್ಟಿನ ಮಾತೇ ಬೇಡ."

"ದಿನಾ ಏರಿ ತನಕ ಹೋಗ್ತಿದೀನಿ ತಾಯಿ" ಎಂದಳು ಅಜ್ಜಿ. ಅದೂ ಸುಳ್ಳಲ್ಲ.

ಅಮ್ಮ ನನ್ನ ಮೇಲೆ ಹರಿಹಾಯ್ದಳು. "ನೀನ್ ನೋಡ್ಕೋತೀನಿ ಅಂದೆ. ಏನ್ ನೋಡ್ದೆ? ಕನಸಾ?"

ಮಾರನೆಯ ಬೆಳಗ್ಗೆ ನಾನು ಅಜ್ಜಿಗೆ ತಿಳಿಯದಂತೆ ಹಿಂದೆ ಹೋದೆ. ತಾತ ಎರಡು ಸಲ ಊದಿದ. ಅಜ್ಜಿ ಏರಿ ಹತ್ತಿದಳು. ಹುಣಸೆಮರದ ಕೆಳಗೆ ಅವಳ ಬಾಲ್ಯದ ಗೆಳತಿ ಮುನಿಲಕ್ಷ್ಮಮ್ಮ, ಅವಳ ಮುಂದೆ ಒಲೆ, ಒಲೆಯ ಮೇಲೆ ಬಾಣಲೆ, ಬಾಣಲೆಯಲ್ಲಿ ಉಬ್ಬುತ್ತಿರುವ ಕಜ್ಜಾಯ. ಕೆರೆ ನೋಡಲು ಬೈಕಿನಲ್ಲಿ ಬರುವವರಿಗೆಂದು ಇಟ್ಟ ಅಂಗಡಿ ಅದು. ಮೊದಲ ಗಿರಾಕಿ ಮಾತ್ರ ನಡೆದು ಬರುತ್ತಿದ್ದಳು.

ಅಜ್ಜಿ ತಿಂದಳು, ಗೆಳತಿಯ ಜೊತೆ ನಕ್ಕಳು, ಇನ್ನೊಂದು ತಿಂದಳು. ಅಷ್ಟರಲ್ಲಿ ಡೇರಿಗೆ ಹಾಲು ಹಾಕಿ ವಾಪಸ್ ಬರುತ್ತಿದ್ದ ಬೈರೇಶಣ್ಣನ ಆಟೋ ನಿಂತಿತು. ಅಜ್ಜಿ ಖಾಲಿ ಕ್ಯಾನುಗಳ ನಡುವೆ ಹತ್ತಿ ಕೂತಳು. ಮಂಕಿ ಟೋಪಿ ಹಾಕಿದ ಇನ್ನೊಂದು ಕ್ಯಾನಿನಂತೆ ಅಲುಗಾಡುತ್ತಾ ನನ್ನ ಮುಂದೆಯೇ ಹೋದಳು. ಆಗ ನನ್ನನ್ನು ನೋಡಿದಳು.

ಮನೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತೆ. "ಏನಜ್ಜಿ ಇದು?"

"ಡಾಕ್ಟರಮ್ಮ ಏರಿ ತನಕ ನಡಿ ಅಂದ್ರು, ನಡ್ದೆ. ವಾಪಸ್ಸೂ ನಡ್ಕೊಂಡ್ ಬಾ ಅಂದಿದ್ರಾ?"

"ಕಜ್ಜಾಯ?"

"ತಲುಪಿದ್ಮೇಲೆ ಏನಾದ್ರೂ ಮಾಡ್ಬೇಕಲ್ಲೇ. ಸುಮ್ನೆ ನೀರ್ ನೋಡ್ತಾ ನಿಂತ್ಕೊಳಕ್ಕೆ ನಾನೇನ್ ಕೊಕ್ಕರೆನಾ?"

ಆಗ ನನಗೆ ಕಬ್ಬಿಣದ ಕಾಲಿನ ರಾಜ ನೆನಪಾದ. ಮುದುಕಿ "ಎಲ್ಲಿಗೆ" ಎಂದು ಕೇಳುತ್ತಿದ್ದದ್ದರಿಂದಲೇ ಅವನು ನೂರು ವರ್ಷ ಬದುಕಿದ್ದು. ನಾನು ಆ ಮುದುಕಿಯ ಬಾಯಿಗೆ ವಿಷಲ್ ತುರುಕಿ ಬಂದಿದ್ದೆ!

ತಾತನ ಜಗಲಿಗೆ ಓಡಿದೆ. "ತಾತ, ನಾಳೆಯಿಂದ ಅಜ್ಜಿನ ಮತ್ತೆ 'ಎಲ್ಲಿಗೆ' ಅಂತ ಕೇಳು. ದಮ್ಮಯ್ಯ."

ತಾತ ವಿಷಲ್ ಹೊರಗೆ ತೆಗೆದು ಪಂಚೆಯಲ್ಲಿ ಒರೆಸಿದ. "ಆಗಲ್ಲ ಮಗಾ."

"ಯಾಕೆ? ಅಷ್ಟು ದಿನ ಕೇಳ್ತಿದ್ಯಲ್ಲ!"

"ಅದು ಗೊತ್ತಿಲ್ದೆ ಬಾಯಿಗ್ ಬರ್ತಿದ್ದುದು. ಗೊತ್ತಿಲ್ದೆ ಕೇಳಿದ್ರೆ ಅಭ್ಯಾಸ, ಗೊತ್ತಿದ್ದೂ ಗೊತ್ತಿದ್ದೂ ಕೇಳಿದ್ರೆ ಪಾಪ. ಒಳ್ಳೆ ಕೆಲ್ಸಕ್ಕೆ ಹೊರಟ ಮುತ್ತೈದೆ..." ಅಜ್ಜಿ ಮುತ್ತೈದೆಯಲ್ಲವೆಂದು ನೆನಪಾಗಿ ತಡವರಿಸಿದ. "ಹೊರಟ ಹಿರೀಕರನ್ನ ಬೇಕೂಂತ ತಡೆಯೋಕಾಗ್ತದಾ? ಪೀ! ಪೀ!"

ಯುಗಾದಿ ಹತ್ತಿರವಾಗುತ್ತಿತ್ತು. ಬೇವಿನಮರ ಎಲೆ ಉದುರಿಸಿ ಚಿಗುರಲು ನೋಡುತ್ತಿತ್ತು. ನಾನು ಜಗಲಿಯ ಅಂಚಿನಲ್ಲಿ ಕೂತು ಯೋಚಿಸಿದೆ. ಬೇಕೆಂದು ಕೇಳುವುದಿಲ್ಲ, ಸರಿ. ತಾನಾಗಿ ಬಾಯಿಗೆ ಬರುವಂತೆ ಮಾಡಬೇಕು. ಕಂಡಕ್ಟರಿಗೆ ಏನು ಕಂಡರೆ ತಡೆದುಕೊಳ್ಳಲಾಗುವುದಿಲ್ಲ? ಅಷ್ಟರಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ದೊಡ್ಡ ಗಂಟು ಹೊತ್ತು ಹೋದಳು. ತಾತನ ಕುತ್ತಿಗೆ ಕೊಕ್ಕರೆಯ ಹಾಗೆ ಉದ್ದವಾಯಿತು, ವಿಷಲ್ ತುಟಿಯ ತುದಿಗೆ ಬಂದು ಅಲ್ಲಾಡಿತು. ಲಗೇಜ್!

ಮಾರನೆಯ ದಿನ ಅಜ್ಜಿಯ ಕೈಗೆ ಅಟ್ಟದ ಮೇಲಿನ ತಗಡಿನ ಟ್ರಂಕು ಕೊಟ್ಟೆ. ಒಳಗೆ ಏನೂ ಇರಲಿಲ್ಲ.

"ಇದನ್ನ ಮುನಿಲಕ್ಷ್ಮಮ್ಮಜ್ಜಿಗೆ ಕೊಟ್ಬಿಡಬೇಕಂತೆ, ಅಮ್ಮ ಹೇಳಿದ್ಲು."

ಅಜ್ಜಿ ಟ್ರಂಕನ್ನು ತೂಗಿ ನೋಡಿ, ನನ್ನ ಮುಖ ನೋಡಿ, ತಲೆಗೇರಿಸಿಕೊಂಡಳು. ತಾತ ಎಂದಿನಂತೆ ಒಂದು ಸಲ ಊದಿದ. ಎರಡನೆಯದಕ್ಕೆ ಉಸಿರೆಳೆದವನ ಕಣ್ಣು ಟ್ರಂಕಿನ ಮೇಲೆ ಬಿತ್ತು. ಬಾಯಿ ತೆರೆಯಿತು. ವಿಷಲ್ ಉದುರಿ ಜಗಲಿಯ ಮೆಟ್ಟಿಲ ಮೇಲೆ ಟಣ್ ಎಂದಿತು.

"ಎಲ್ಲಿಗೆ? ಲಗೇಜ್ ಯಾರ್ದು? ಫ್ರೀ ಬರಲ್ಲ ಅದು!"

ಹೇಳಿದ್ದೇ ತಾತ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಅಜ್ಜಿ ಟ್ರಂಕಿನ ಸಮೇತ ತಿರುಗಿದಳು.

ಮನೆಗೆ ಬಂದು ನೀರು ಕುಡಿದು ಕೂತಾಗ ನನ್ನ ಕಿವಿ ಹಿಂಡಿದಳು. "ಖಾಲಿ ಟ್ರಂಕು ಅಂತ ನಂಗೆ ಗೊತ್ತಾಗಲ್ವಾ? ಕಥೆ ಹೇಳ್ಕೊಟ್ಟೋಳಿಗೇ ಕಥೆ ಕಟ್ತೀಯೇನೇ?"

"ಮತ್ಯಾಕೆ ಹೊತ್ಕೊಂಡ್ ಹೋದೆ?"

ಅಜ್ಜಿ ನನ್ನ ಕಿವಿ ಬಿಟ್ಟಳು. "ಕಜ್ಜಾಯ ದಿನಾ ಸಿಗ್ತದೆ ಕಣೇ. ಅದಕ್ಕೇ ಆಸೆ ತಡೆಯಕ್ಕಾಗಲ್ಲ. ಮುನಿಲಕ್ಷ್ಮಿ ಬಾಣಲೆ ಕಂಡ್ರೆ ನನ್ ಕೈ ನನ್ ಮಾತ್ ಕೇಳಲ್ಲ. ಕಾಣ್ದಂಗೇ ವಾಪಸ್ ಬಂದ್ರೆ ಒಳ್ಳೇದು. ಅಪ್ಪಯ್ಯಣ್ಣನೇ ತಡೀಬೇಕು." ಆಮೇಲೆ ಎದ್ದು ಸೀರೆ ಕೊಡವಿಕೊಂಡಳು. "ಟ್ರಂಕು ಒಂದ್ಸಲ ನೋಡ್ಬಿಟ್ಟ. ಈಗೇನ್ ಹೊರ್ಲಿ?"

ಅಂದಿನಿಂದ ನಮ್ಮ ಬೀದಿ ಬೆಳಗ್ಗೆ ಬೇಗ ಏಳತೊಡಗಿತು. ಅಜ್ಜಿ ಒಂದು ದಿನ ಒನಕೆ ಹೊತ್ತು ಹೊರಟಳು. ಒಂದು ದಿನ ತಂಬೂರಿಯ ಹಾಗೆ ಭುಜಕ್ಕೆ ಕುಂಬಳಕಾಯಿ ಕಟ್ಟಿಕೊಂಡಳು. ರೇಷ್ಮೆ ಸೀರೆಯುಟ್ಟು, ಮದುವೆಗೆ ಹೊರಟವಳಂತೆ, ಕಂಕುಳಲ್ಲಿ ಒಂದು ಹುಂಜ ಇಟ್ಟುಕೊಂಡಳು. ಹುಂಜಕ್ಕೆ ತಾತ ಅರ್ಧ ಟಿಕೆಟ್ ಹೇಳಿದ. ಬಾಗಿಲಿಲ್ಲದ ಬೀರು ಹೊತ್ತು ಹೋಗುವ ಆಸೆಯೂ ಅವಳಿಗಿತ್ತು, ಅಮ್ಮ ಬಿಡಲಿಲ್ಲ. ತಾತ ಪ್ರತಿ ದಿನ ಬೆಳಗ್ಗೆ ಇವತ್ತು ಕೇಳುವುದಿಲ್ಲವೆಂದು ಆಣೆ ಇಟ್ಟುಕೊಂಡು, ವಿಷಲ್ಲನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಿದ್ದ. ಪ್ರತಿ ದಿನ ಅದು ಮೆಟ್ಟಿಲ ಮೇಲೆ ಟಣ್ ಎನ್ನುತ್ತಿತ್ತು. ಮನೆಗೂ ಜಗಲಿಗೂ ನಡುವೆ ಅಜ್ಜಿ ಮಗ್ಗದ ಲಾಳಿಯ ಹಾಗೆ ಓಡಾಡಿದಳು. ಮುನಿಲಕ್ಷ್ಮಮ್ಮ "ಕದಿರಿ ಸತ್ತಳೋ ಇದ್ದಾಳೋ" ಎಂದು ಹೇಳಿಕಳಿಸಿದಳು.

ಯುಗಾದಿಯ ಹಿಂದಿನ ದಿನ ಡಾಕ್ಟರ್ ರಿಪೋರ್ಟ್ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಅಜ್ಜಿ ನನ್ನ ಕೈ ಹಿಡಿದುಕೊಂಡಳು.

"ಅಜ್ಜಿ, ಈ ಸಲ ಕೆರೆ ಏರಿ ತಲುಪಿದ್ರಾ?"

"ಇಲ್ಲ ತಾಯಿ" ಎಂದಳು ಅಜ್ಜಿ ಸಣ್ಣ ದನಿಯಲ್ಲಿ. "ಬಿಡ್ಲಿಲ್ಲ."

"ಹಂಗಾದ್ರೆ ಮುಂದಿನ ವರ್ಷಾನೂ ತಲುಪ್ಬೇಡಿ" ಎಂದು ಡಾಕ್ಟರ್ ನಕ್ಕರು. "ಒಂದು ಒಬ್ಬಟ್ಟು. ಒಂದೇ ಒಂದು."

ಯುಗಾದಿಯ ದಿನ ಅಮ್ಮ ಆ ಒಂದನ್ನು ಹೆಂಚಿನ ಅಂಚಿನ ತನಕ ತಟ್ಟಿದಳು. ಅಗಲದ ಬಗ್ಗೆ ಡಾಕ್ಟರ್ ಏನೂ ಹೇಳಿರಲಿಲ್ಲ ಎನ್ನುವುದನ್ನು ಅಜ್ಜಿ ವರ್ಷವಿಡೀ ಮರೆತಿರಲಿಲ್ಲ. ಬೇವು ಬೆಲ್ಲ ತಿಂದಾಯಿತು. ಬಾಳೆಯೆಲೆಯ ಮೇಲೆ ಒಬ್ಬಟ್ಟು ಬಂತು. ಚಮಚದ ಬಗ್ಗೆ ಒಂದು ಸಣ್ಣ ಜಗಳವಾಗಿ ತುಪ್ಪವೂ ಬಂತು. ಹಬ್ಬದ ಊಟಕ್ಕೆ ಕರೆದಿದ್ದ ಅಪ್ಪಯ್ಯಣ್ಣ ತಾತ ಎದುರಿನ ಎಲೆಯ ಮುಂದೆ ಕೂತಿದ್ದ, ವಿಷಲ್ಲನ್ನು ಜೇಬಿನಲ್ಲಿಟ್ಟು, ಬಾಯಿ ಖಾಲಿ ಮಾಡಿಕೊಂಡು.

ಅಜ್ಜಿ ಒಬ್ಬಟ್ಟನ್ನು ಎರಡೂ ಕೈಯಿಂದ ಎತ್ತಿದಳು. ಮೊದಲು ಮೂಸಿದಳು. ತುಪ್ಪ ಮೊಣಕೈ ತನಕ ಇಳಿಯಿತು. ಕಣ್ಣು ಮುಚ್ಚಿದಳು, ಬಾಯಿ ತೆರೆದಳು. ಅಷ್ಟು ದೊಡ್ಡ ಒಬ್ಬಟ್ಟು ಎಲೆ ಬಿಟ್ಟು ಮೇಲೇರುತ್ತಾ ಹೊರಟದ್ದನ್ನು ನೋಡಿ ತಾತನ ಕಣ್ಣೂ ದೊಡ್ಡದಾಯಿತು.

"ಎಲ್ಲಿಗೆ?"

ತಾತ ಎಲೆಯೊಳಗೇ ಮುಖ ಮುಚ್ಚಿಕೊಂಡ. ಅಜ್ಜಿ ಒಂದು ಕಣ್ಣು ತೆರೆದಳು, ಒಬ್ಬಟ್ಟು ನೋಡಿದಳು, ತಾತನನ್ನು ನೋಡಿದಳು. ಅವಳ ಮೂಗಿನ ಹೊಳ್ಳೆ ಅರಳಿ ಅರಳಿ ಮುಚ್ಚಿತು. ಆಮೇಲೆ, ಹೊರಟ ಒಬ್ಬಟ್ಟನ್ನು ಬಹಳ ಜೋಪಾನವಾಗಿ ಎಲೆಗೆ ವಾಪಸ್ ಇಳಿಸಿದಳು. ತನ್ನ ಲೋಟದಿಂದ ಬೆರಳ ತುದಿಯಲ್ಲಿ ನೀರು ತೆಗೆದು ಅದರ ಸುತ್ತ ಚಿಮುಕಿಸಿ, ಒಂದು ಗುಟುಕು ತಾನೂ ಕುಡಿದು, ಸೆರಗು ಸರಿಮಾಡಿಕೊಂಡು, ಒಂದು ಗಳಿಗೆ ಕೂತಳು.

"ಯಶಾ" ಎಂದಳು, ಕಣ್ಣು ಒಬ್ಬಟ್ಟಿನ ಮೇಲಿಂದ ತೆಗೆಯದೆ. "ಅಪ್ಪಯ್ಯಣ್ಣನ ಜೇಬಲ್ಲಿರೋ ವಿಷಲ್ ತೆಗ್ದು ಅವನ ಬಾಯಿಗಿಡು. ಭದ್ರವಾಗಿಡು."

ಇಟ್ಟೆ. ತಾತ ನೀರು ತುಂಬಿದ ಕಣ್ಣಿನಲ್ಲಿ ಅಜ್ಜಿಯನ್ನು ನೋಡಿ, ಉಸಿರು ಎಳೆದುಕೊಂಡ.

ಪೀ! ಪೀ!

ಒಬ್ಬಟ್ಟು ಹೊರಟಿತು.